ಈರವ್ವನ ನೆತ್ತಿ

"ಆ ಗುಡ್ಡದ ನೆತ್ತಿ ಮೊದಲು ಹತ್ತಿದವನು ನಾನೇ! ನಾಳೆಯಿಂದ ಅದು ಮಲ್ಲರಸನ ನೆತ್ತಿ," ಎಂದು ಪಾಳೆಯಗಾರ ಮಲ್ಲರಸ ನಾಯಕ ಮೀಸೆ ತಿರುವಿದ.

ಹತ್ತಿದ್ದೇನೋ ನಿಜ. ಪಲ್ಲಕ್ಕಿಯಲ್ಲಿ. ದಾರಿಯುದ್ದಕ್ಕೂ ಗೊರಕೆ ಹೊಡೆಯುತ್ತ.

ಆಸ್ಥಾನದವರೆಲ್ಲ "ಭಲೇ!" ಅಂದರು. ಪಲ್ಲಕ್ಕಿ ಹೊತ್ತಿದ್ದ ಬೋರಯ್ಯ ಮಾತ್ರ ತಲೆ ತಗ್ಗಿಸಿದ.

ಅದು ಈರವ್ವನ ನೆತ್ತಿ. ಈರವ್ವ ಅವನ ಹೆಂಡತಿ. ಮಂಜು ಕವಿದು ದನಗಾಹಿಗಳು ದಾರಿ ತಪ್ಪಿದ ವರ್ಷ, ಎಣ್ಣೆಗಡಿಗೆ ತಲೆ ಮೇಲಿಟ್ಟು ಬರಿಗಾಲಲ್ಲಿ ಹತ್ತಿ, ತುದಿಯಲ್ಲಿ ದೀಪ ಹಚ್ಚಿದವಳು. ಅಲ್ಲಿವರೆಗೆ ಯಾರೂ ಹತ್ತಿರಲಿಲ್ಲ. ಆಮೇಲೆ ಪ್ರತಿ ಕಾರ್ತಿಕಕ್ಕೂ ಹತ್ತಿದಳು. ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಮಕ್ಕಳಿಲ್ಲ. ಉಳಿದದ್ದು ಆ ಹೆಸರೊಂದೇ.

ಬೋರಯ್ಯ ಆಸ್ಥಾನದ ಜಾಣ ಸಂಕಪ್ಪನ ಬಾಗಿಲಿಗೆ ಹೋದ.

"ಸಂಕಪ್ಪಯ್ಯ, ಅವಳನ್ನ ಇನ್ನೊಂದ್ಸಲ ಮಣ್ಣು ಮಾಡ್ದಂಗಾಯ್ತು."

"ಅವಳ ಗಡಿಗೆ ತೊಳೆದಿಡು. ಉಳಿದದ್ದು ನನಗೆ ಬಿಡು."

ಮರುದಿನ ಸಂಕಪ್ಪ ನಾಯಕನಿಗೆ ಅಡ್ಡಬಿದ್ದ.

"ಅದು ತಮ್ಮ ನೆತ್ತಿ ಅಂತ ಡಂಗುರ ಹೊಡೆಸಿಬಿಟ್ಟೆ, ಮಹಾಪ್ರಭು! ಊರಿಗೆ ಊರೇ ಗುಡ್ಡದ ಬುಡದಲ್ಲಿ ತಮಗಾಗಿ ಕಾಯ್ತಿದೆ."

"ಯಾಕೋ?"

"ಇವತ್ತೇ ಕಾರ್ತಿಕದ ದೀಪ ಅಲ್ಲವೇ? ನೆತ್ತಿ ಯಾರ ಹೆಸರಿನದೋ ಎಣ್ಣೆಗಡಿಗೆ ಅವರ ತಲೆ ಮೇಲೆ. ಆ ಗುಡ್ಡದ ಕಟ್ಟಳೆ."

"ಸರಿ, ಪಲ್ಲಕ್ಕಿ ತರಿಸು."

"ಪಲ್ಲಕ್ಕಿಯಲ್ಲಿ ಹೋದರೆ ಜನ ಅದನ್ನ ಬೋರಯ್ಯನ ನೆತ್ತಿ ಅಂದಾರು, ಬುದ್ಧಿ!"

ನಾಯಕ ಹಲ್ಲು ಕಚ್ಚಿ ಬರಿಗಾಲಲ್ಲಿ ಹೊರಟ. ಕಾಲಿಗೆ ಮುಳ್ಳು. ತಲೆ ಮೇಲಿನ ಗಡಿಗೆಯಿಂದ ಎಣ್ಣೆ ತುಳುಕಿತು. ತಿರುವಿದ ಮೀಸೆ ನೆಂದ ಬಾಲದ ಹಾಗೆ ಜೋತುಬಿತ್ತು. ಮೇಕೆಮರಿಗಳು ಕುಣಿಯುವ ಮೊದಲ ದಿಣ್ಣೆಯಲ್ಲೇ ಒಂದು ಬಂಡೆ ಮೇಲೆ ದೊಪ್ಪನೆ ಕೂತ.

"ಸಂಕಪ್ಪಾ... ಇನ್ನೆಷ್ಟು ಗುಡ್ಡ ಐತೋ?"

"ಗುಡ್ಡ ಇನ್ನೂ ಶುರುವೇ ಆಗಿಲ್ಲ, ಮಹಾಪ್ರಭು."

"ಈರವ್ವಂದೇ ಇರಲಿ ಕಣೋ! ಆದರೆ ಡಂಗುರ ಹೊಡೆಸಿದ್ದೀಯಲ್ಲ, ನನ್ನ ಹೆಸರಿನ ಗತಿ?"

ಸಂಕಪ್ಪ ಕೈ ಮುಗಿದ. "ಹೆಸರು ಎಲ್ಲಿ ಹೋಗುತ್ತೆ, ಬುದ್ಧಿ? ಸೌದೆ ಹೊತ್ತ ಮುದುಕಿಯರೂ ಇಲ್ಲಿವರೆಗೆ ಈ ಬಂಡೆ ಮೇಲೆ ಸುಸ್ತಾಗಿ ಕೂತಿಲ್ಲ. ಮೊದಲು ಕೂತವರು ತಾವೇ. ಇವತ್ತಿಂದ ಇದು ಮಲ್ಲರಸನ ಬಂಡೆ!"

ಜನ ಗೊಳ್ಳೆಂದರು. ಸಿಟ್ಟಾಗೋಣವೆಂದರೆ ನಾಯಕನಿಗೆ ಉಸಿರಿರಲಿಲ್ಲ. ಕೊನೆಗೆ ಅವನೂ ನಕ್ಕ. ಕೈಯಲ್ಲಿದ್ದ ಕಡಗ ಬಿಚ್ಚಿ ಸಂಕಪ್ಪನತ್ತ ಎಸೆದ.

ಬೋರಯ್ಯ ಈರವ್ವನ ಗಡಿಗೆ ತಲೆ ಮೇಲೆ ಇಟ್ಟುಕೊಂಡ. ಬಂಡೆ ದಾಟಿದ. ಕೂರಲಿಲ್ಲ.