ಕಕ್ಕೆದೊಡ್ಡಿಯ ಸುದ್ದಿಗಲ್ಲು

ಕಕ್ಕೆದೊಡ್ಡಿಯ ಬಸ್ಸು ಈಗ ಸಭಾಮನೆಯ ಎದುರಿಗೇ ನಿಲ್ಲುತ್ತದೆ. ಇಳಿದವರ ಕಣ್ಣಿಗೆ ಮೊದಲು ಬೀಳುವುದು ಹೊಂಗೆಮರದ ಕೆಳಗಿನ ಕರಿಬಂಡೆ. ಹೆಂಚಿನ ಆ ಪುಟ್ಟ ಸಭಾಮನೆಯ ಬಾಗಿಲಿನಿಂದ ಬಂಡೆಗೆ ಹನ್ನೆರಡು ಹೆಜ್ಜೆ. ಎತ್ತರ ಮೊಣಕಾಲಿನವರೆಗೆ, ಅಗಲ ಒಂದು ಎತ್ತಿನ ಗಾಡಿಯಷ್ಟು. ಬಾಗಿಲಿನ ಕಡೆಯ ಅಂಚು ಜನ ಕೂತು ಕೂತು ನುಣುಪಾಗಿದೆ. ಉಳಿದ ಮೂರು ಕಡೆ ಹಾವಸೆ ಹಿಡಿದಿದೆ. ಅದರ ಮೇಲೆ ಸದಾ ಒಂದು ಈಚಲುಗರಿಯ ಚಾಪೆ ಹಾಸಿರುತ್ತದೆ. ಮಳೆ ಬಂದರೆ ಸುತ್ತಿ ಒಳಗಿಡುತ್ತಾರೆ, ಬಿಸಿಲು ಬಂದರೆ ಮತ್ತೆ ಹಾಸುತ್ತಾರೆ. ಊರಿನವರು ಇದನ್ನು ಸುದ್ದಿಗಲ್ಲು ಎನ್ನುತ್ತಾರೆ. ಬಸ್ಸಿನ ಕಂಡಕ್ಟರ್ ಊರಿನ ಹೆಸರು ಬಿಟ್ಟು ಇದರ ಹೆಸರನ್ನೇ ಕೂಗುತ್ತಾನೆ.

ಇಲ್ಲಿಯದು ಕ್ರೈಸ್ತರ ಬ್ರದರನ್ ಸಭೆ. ಸಂಬಳದ ಪಾದ್ರಿ ಇಲ್ಲ, ಗಂಟೆಗೋಪುರ ಇಲ್ಲ. ಊರಿನ ಹಿರಿಯರೇ ಸಭೆ ನಡೆಸುತ್ತಾರೆ. ಹಾಡು ಯಾರ ಬಾಯಿಂದ ಮೊದಲು ಬಂದರೆ ಅದನ್ನೇ ಎಲ್ಲರೂ ಹಿಡಿಯುತ್ತಾರೆ. ಭಾನುವಾರ ಬೆಳಿಗ್ಗೆ ಯೇಸುವಿನ ನೆನಪಿಗೆ ಒಂದೇ ರೊಟ್ಟಿ, ದ್ರಾಕ್ಷಾರಸದ ಒಂದೇ ಪಾತ್ರೆ ಕೈಯಿಂದ ಕೈಗೆ ಹೋಗುತ್ತದೆ. ಬೇರೆ ಊರಿನ ವಿಶ್ವಾಸಿ ಬಂದರೆ ತನ್ನ ಸಭೆಯಿಂದ ಪರಿಚಯ ಪತ್ರ ತರಬೇಕು. ಇವರು ನಮ್ಮವರು, ರೊಟ್ಟಿಯಲ್ಲಿ ಪಾಲು ಕೊಡಿರಿ ಎಂದು ಅದರಲ್ಲಿ ಬರೆದಿರುತ್ತದೆ. ಪತ್ರವಿಲ್ಲದವರಿಗೆ ಗೋಡೆಯ ಬದಿಯ ಹಿಂದಿನ ಬೆಂಚು. ಕಲ್ಲಿಗೆ ಹೆಸರು ಬಂದದ್ದು ಇಂಥ ಒಂದು ಪತ್ರದಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಗೆ ಬಸ್ಸು ಬರುವುದಕ್ಕೆ ಬಹಳ ಮೊದಲು, ನೇರಳೆಕುಪ್ಪೆಯಿಂದ ಯೂನಿಕಮ್ಮ ಎಂಬ ವಿಧವೆ ಎರಡು ದಿನ ಗಾಡಿಯಲ್ಲಿ ಬಂದು ಕಕ್ಕೆದೊಡ್ಡಿಯಲ್ಲಿ ಇಳಿದಳು. ನಲವತ್ತರ ಆಸುಪಾಸು. ತಂಗಿ ಕರುಣಮ್ಮನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಕರುಣಮ್ಮ ಬಸುರಿ, ಸೊಪ್ಪು ಹೆಚ್ಚಿ ಹಾಕಲು ಕೈ ಸಾಲದು. ಯೂನಿಕಮ್ಮನಿಗೂ ಗಂಡ ಹೋದ ಮೇಲೆ ನೇರಳೆಕುಪ್ಪೆಯಲ್ಲಿ ತನ್ನದೆಂದು ಉಳಿದದ್ದು ಒಂದೇ ಕೆಲಸ. ಪ್ರತಿ ಶನಿವಾರ ಸಂಜೆ ಸಭೆಯ ರೊಟ್ಟಿ ಸುಡುತ್ತಿದ್ದವಳು ಅವಳು. ಇಪ್ಪತ್ತೆರಡು ವರ್ಷ, ಒಂದು ವಾರವೂ ತಪ್ಪಿರಲಿಲ್ಲ. ಹೊರಡುವ ದಿನ ಅಲ್ಲಿಯ ಹಿರಿಯ ಜ್ಞಾನಾಭರಣಪ್ಪ ಅಂಟು ಹಚ್ಚಿದ ಲಕೋಟೆಯೊಂದನ್ನು ಅವಳ ಕೈಗಿತ್ತು, "ಇದು ಇದ್ದರೆ ಅಲ್ಲಿ ಯಾರೂ ನಿನ್ನನ್ನ ಯಾರವ್ವ ಅಂತ ಕೇಳಲ್ಲ" ಎಂದಿದ್ದರು. ಅವಳು ಅದನ್ನು ಸೀರೆಗಳ ನಡುವೆ ಇಟ್ಟು ತಂದಳು. ಬೇರೆಯವರ ಹೆಸರಿಗೆ ಬರೆದ ಲಕೋಟೆಯನ್ನು ಒಡೆದು ನೋಡುವ ಯೋಚನೆಯೇ ಅವಳಿಗೆ ಬರಲಿಲ್ಲ.

ಕಕ್ಕೆದೊಡ್ಡಿಯ ಹಿರಿಯರಲ್ಲಿ ದೊಡ್ಡವರು ಸಮಾಧಾನಪ್ಪ. ತೆಳ್ಳಗೆ, ಎತ್ತರ, ಮಾತು ಕಡಿಮೆ. ಭಾನುವಾರ ಅವರು ಎಲ್ಲರ ಮುಂದೆ ನಿಂತು ಲಕೋಟೆ ಒಡೆದು, ಗಂಟಲು ಸರಿಮಾಡಿಕೊಂಡು ಓದತೊಡಗಿದರು. "ಕರ್ತನಲ್ಲಿ ಪ್ರಿಯರಾದ ಸಹೋದರರಿಗೆ ವಂದನೆಗಳು. ಇಲ್ಲಿ ಎಲ್ಲರೂ ಕ್ಷೇಮ. ಹೋದ ವಾರದ ಗಾಳಿಗೆ ಸಭಾಮನೆಯ ಎಂಬತ್ತು ಹೆಂಚು ಹಾರಿದವು. ತೀತಪ್ಪನವರ ಎಮ್ಮೆ ಅವಳಿ ಕರು ಹಾಕಿದೆ..."

"ಅವಳಿಯಾ!" ಎಂದಿತು ಹೆಂಗಸರ ಕಡೆಯಿಂದ ಒಂದು ದನಿ. ಅದು ನೇರಳೆಕುಪ್ಪೆಯಲ್ಲೇ ಹುಟ್ಟಿದ್ದ ಕರುಣಮ್ಮ. ಯಾರೋ ಕಿಸಕ್ಕೆಂದರು. ಸಮಾಧಾನಪ್ಪ ಹಾಳೆಯನ್ನು ತಿರುಗಿಸಿ ನೋಡಿದರು, ಲಕೋಟೆಯೊಳಗೆ ಇಣುಕಿದರು. ಬೇರೇನೂ ಇರಲಿಲ್ಲ.

"ತಂಗಿ, ಇದರಲ್ಲಿ ನಿಮ್ಮ ಹೆಸರೇ ಇಲ್ವಲ್ಲ."

"ನನಗೆ ಕೊಟ್ಟಿದ್ದು ಅದೇ ಅಣ್ಣ."

ಕರುಣಮ್ಮನ ಗಂಡ ಬೋವಜಪ್ಪ ಎದ್ದು ನಿಂತ. "ನಮ್ಮೋಳ ಸ್ವಂತ ಅಕ್ಕ ಕಣಣ್ಣ. ನಾನು ಹೇಳ್ತಿಲ್ವ?"

"ನೆಂಟರ ಮಾತನ್ನ ಒಂದು ಸಲ ಕೇಳಿ ಆಗಿದೆ, ಬೋವಜಪ್ಪ" ಎಂದರು ಸಮಾಧಾನಪ್ಪ. ಎಲ್ಲರಿಗೂ ನೆನಪಿತ್ತು. ಹಿಂದಿನ ವರ್ಷ ಒಬ್ಬಾತ ಭಾವಮೈದುನನ ಮಾತಿನ ಬಲದ ಮೇಲೆ ಬಂದು ಎಂಟು ತಿಂಗಳು ರೊಟ್ಟಿಯಲ್ಲಿ ಪಾಲು ತೆಗೆದುಕೊಂಡಿದ್ದ. ಆಮೇಲೆ ನೋಡಿದರೆ ಅವನಿಗೆ ಇನ್ನೊಂದೂರಲ್ಲಿ ಇನ್ನೊಂದು ಸಂಸಾರ. ಅವನನ್ನು ನಂಬಿ ಒಳಗೆ ಕೂರಿಸಿದವರು ಸಮಾಧಾನಪ್ಪನವರೇ. ಇನ್ನು ಮೇಲೆ ಪತ್ರವಿಲ್ಲದೆ ಯಾರಿಗೂ ಇಲ್ಲ ಎಂದು ಅಂದೇ ಹಿರಿಯರೆಲ್ಲ ಸೇರಿ ಗೊತ್ತು ಮಾಡಿದ್ದರು.

ಅವರು ಹಾಳೆಯನ್ನು ಮಡಿಸಿ ಯೂನಿಕಮ್ಮನಿಗೆ ಹಿಂದಕ್ಕೆ ಕೊಟ್ಟರು. "ನೇರಳೆಕುಪ್ಪೆಗೆ ಇವತ್ತೇ ಬರೀತೀನಿ. ಉತ್ತರ ಬರೋ ತನಕ ಹಿಂದೆ ಕೂತ್ಕೊಳ್ಳಿ ತಂಗಿ. ಬೇಜಾರು ಮಾಡ್ಕೋಬೇಡಿ."

ಅವಳು ಹಿಂದಿನ ಬೆಂಚಿನಲ್ಲಿ ಕೂತಳು. ರೊಟ್ಟಿಯ ತಟ್ಟೆ ಸಾಲಿನಿಂದ ಸಾಲಿಗೆ ಬಂತು. ಮುಂದಿನ ಸಾಲಿನ ಹೆಂಗಸು ತನ್ನ ತುಣುಕು ಮುರಿದುಕೊಂಡು, ಹಿಂದಕ್ಕೆ ತಿರುಗದೆ, ತಟ್ಟೆಯನ್ನು ವಾಪಸು ಕಳಿಸಿದಳು. ಒಂದು ಮೊಳ ದೂರದಿಂದ ಯೂನಿಕಮ್ಮ ರೊಟ್ಟಿಯನ್ನು ನೋಡಿದಳು. ಸ್ವಲ್ಪ ಸೀದಿತ್ತು. ಉರಿ ಹೆಚ್ಚಾಗಿದೆ ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ ಕಣ್ಣು ತುಂಬಿತು. ಮುಂದಿನ ಭಾನುವಾರ ಅವಳು ಒಳಗೆ ಹೋಗಲಿಲ್ಲ. ಹೊಂಗೆಮರದ ಕೆಳಗಿನ ಬಂಡೆಯ ಮೇಲೆ, ಬಾಗಿಲಿಗೆ ಮುಖ ಮಾಡಿ ಕೂತಳು. ಹಾಡು ಅಲ್ಲಿಗೂ ಕೇಳುತ್ತಿತ್ತು. ತಟ್ಟೆ ತಿರುಗಿ ಹೋಗುವುದು ಕಾಣುತ್ತಿರಲಿಲ್ಲ.

ಸಭೆ ಮುಗಿದ ಮೇಲೆ ಕರುಣಮ್ಮ ಬಂದು ಪಕ್ಕದಲ್ಲಿ ಕೂತಳು. "ಅಕ್ಕ, ಆ ಕಾಗದ ಇದೆಯಾ? ಎಮ್ಮೆ ವಿಷಯ ಮುಂದೆ ಏನು ಬರ್ದವ್ರೆ?" ಯೂನಿಕಮ್ಮ ಓದಿದಳು. ಒಂದು ಕರು ಉಳಿದಿತ್ತು, ಒಂದು ಹೋಗಿತ್ತು. ಬಾವಿಗೆ ಹೊಸ ಗಡಗಡೆ ಹಾಕಿದ್ದರು. ಮೂವರಿಗೆ ದೀಕ್ಷಾಸ್ನಾನ ಆಗಿತ್ತು. ಓದಿ ತಲೆ ಎತ್ತಿದಾಗ ಸುತ್ತ ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ಅವರೆಲ್ಲ ಬೇರೆ ಬೇರೆ ಸಭೆಗಳಿಂದ ಮದುವೆಯಾಗಿ ಬಂದವರು. ಆ ಸೀಮೆಯ ಆರು ಸಭೆಗಳ ನಡುವೆ ಇಂಥ ಸುದ್ದಿಯ ಕಾಗದಗಳು ಓಡಾಡುತ್ತಿದ್ದವು. ಆದರೆ ಆರಾಧನೆಯ ಮನೆಯಲ್ಲಿ ಎಮ್ಮೆ, ಹೆಂಚಿನ ಮಾತು ಸಲ್ಲದು ಎಂದು ಸಮಾಧಾನಪ್ಪ ಅವನ್ನು ತಾವೊಬ್ಬರೇ ಓದಿ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

"ಇನ್ನೊಂದ್ಸಲ ಓದವ್ವ" ಎಂದಳು ಒಬ್ಬಳು. ಓದಿದಳು. ಮೂರನೆಯ ವಾರ ಒಬ್ಬಳು ತವರಿನಿಂದ ಬಂದ ಕಾಗದವನ್ನು ಸೆರಗಿನಿಂದ ಬಿಚ್ಚಿ ಕೊಟ್ಟಳು. ಓದು ಬಾರದೆ ಆರು ತಿಂಗಳು ಹಾಗೇ ಇಟ್ಟುಕೊಂಡಿದ್ದಳಂತೆ. ನಾಲ್ಕನೆಯ ವಾರ ಹುಳು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದವು. ಬೋವಜಪ್ಪ ಗೂಡು ಬಿಡಿಸಿ ಮಾರುಕಟ್ಟೆಗೆ ಹೊತ್ತು ಹೋಗಿ, ಬರುವಾಗ ಅಲ್ಲಿ ಸಿಕ್ಕ ಬೇರೆ ಸಭೆಗಳವರ ಬಾಯಿಂದ ಮದುವೆ, ಸಾವು, ಜ್ವರ ಎಲ್ಲವನ್ನೂ ಕೇಳಿಕೊಂಡು ಬಂದ. ಅದನ್ನು ಯೂನಿಕಮ್ಮ ಹಾಳೆಯ ಮೇಲೆ ಊರುವಾರು ಬರೆದುಕೊಂಡು ಬಂಡೆಯ ಮೇಲೆ ಓದಿದಳು. ಗಂಡಸರೂ ಬರತೊಡಗಿದರು. ಬರದೆ ಉಳಿದವರು ಸಮಾಧಾನಪ್ಪ ಒಬ್ಬರೇ. ಅವರು ಸಭಾಮನೆಯ ಒಳಗೆ ಬೆಂಚುಗಳನ್ನು ಸರಿಸುತ್ತಿದ್ದರು. ಸರಿಸಿದ ಬೆಂಚನ್ನೇ ಮತ್ತೆ ಸರಿಸುತ್ತಿದ್ದರು ಎಂದು ಕಂಡವರು ಹೇಳುತ್ತಿದ್ದರಂತೆ.

ನೇರಳೆಕುಪ್ಪೆಯಿಂದ ಉತ್ತರ ಬರಲಿಲ್ಲ. ಜ್ಞಾನಾಭರಣಪ್ಪ ಸುವಾರ್ತೆ ಸಾರಲು ಮೂರು ತಿಂಗಳ ಸುತ್ತಿಗೆ ಹೊರಟುಬಿಟ್ಟಿದ್ದರು. ಅವರ ಹೆಸರಿನ ಕಾಗದ ಬೀಗ ಹಾಕಿದ ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಯೂನಿಕಮ್ಮ ಪ್ರತಿ ವಾರ ಅಂಚೆಯವನ ದಾರಿ ಕಾದಳು. ಓದುವುದು ಅವಳಿಗೆ ಹಿತವಾಗಿತ್ತು, ನಿಜ. ಆದರೆ ಓದಿ ಮುಗಿಸಿ ಎಲ್ಲರೂ ಮನೆಗೆ ಹೋದ ಮೇಲೆ ಉಳಿಯುತ್ತಿದ್ದುದು ಒಂದೇ ಮಾತು: ಊರೂರಿನವರ ಹೆಸರು ನನ್ನ ಹಾಳೆಯಲ್ಲಿದೆ, ನನ್ನ ಹೆಸರು ಯಾರ ಹಾಳೆಯಲ್ಲೂ ಇಲ್ಲ. ತನ್ನ ಸಭೆಯೇ ತನ್ನನ್ನು ಬೇಕೆಂದೇ ಕೈಬಿಟ್ಟಿತೇ ಎಂದು ಏಳನೆಯ ವಾರದ ಹೊತ್ತಿಗೆ ಅನುಮಾನ ಹುಟ್ಟಿತು. "ಹಿಂದಕ್ಕೆ ಹೋಗಿ ಕೇಳಿಬಿಡ್ತೀನಿ ಕರುಣ" ಎಂದಳು. ಕರುಣಮ್ಮ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಇದು ಬಂದ ಮೇಲೆ ಹೋಗು" ಎಂದಳು. ಅವಳು ಉಳಿದಳು.

ಎರಡನೆಯ ಬೆಳೆಯ ಗೂಡು ಮಾರಲು ಬೋವಜಪ್ಪ ಹೋದದ್ದು ಒಂಬತ್ತನೆಯ ವಾರ. ಮಾರುಕಟ್ಟೆಯಾಚೆಯ ಸೀಗೆಕುಂಟೆ ಸಭೆಯ ಮುದುಕಿ ಲೋಯಿಸಜ್ಜಿ ಚಾಪೆ ಮಾರಲು ಬಂದಿದ್ದಳು. ಊರಿನ ಸುದ್ದಿ ಏನೆಂದು ಅವನು ಕೇಳಿದಾಗ ಅವಳು, "ನಮ್ಮೂರಲ್ಲಿ ಒಂದು ದುಃಖ ಕಣಪ್ಪ. ನೇರಳೆಕುಪ್ಪೆಯಿಂದ ಒಬ್ಬ ಸಹೋದರಿ ಬರ್ತಾರೆ ಅಂತ ಅಂಚೆಯಲ್ಲಿ ಪತ್ರ ಬಂತು. ಎರಡು ತಿಂಗಳಾಯ್ತು, ಆಯಮ್ಮ ಬರಲೇ ಇಲ್ಲ. ದಾರೀಲಿ ಏನಾಯ್ತೋ. ವಾರ ವಾರ ಪ್ರಾರ್ಥನೆ ಮಾಡ್ತೀವಿ, ಜಾಗ ಬಿಟ್ಟು ಕೂತ್ಕೋತೀವಿ. ಕೂರಲಿ ಅಂತ ನಾನೊಂದು ಚಾಪೆ ಬೇರೆ ಹೆಣೆದು ಇಟ್ಟಿದ್ದೀನಿ" ಎಂದಳು.

ಬೋವಜಪ್ಪ ಗೂಡಿನ ಮೂಟೆಯನ್ನು ಕೆಳಗಿಳಿಸಿದ. "ಆಯಮ್ಮನ ಹೆಸರೇನಜ್ಜಿ?"

"ಯೂನಿಕಮ್ಮ ಅಂತ."

ಹತ್ತನೆಯ ಭಾನುವಾರ ಸಭೆ ಶುರುವಾಗುವ ಮೊದಲೇ ಬೋವಜಪ್ಪನ ಹಿಂದೆ ಒಬ್ಬ ಮುದುಕಿ, ತಲೆಯ ಮೇಲೆ ಸುತ್ತಿದ ಚಾಪೆ ಹೊತ್ತು, ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಬಂದಳು. "ಇಷ್ಟು ದೂರ ಅಂತ ಮೊದಲೇ ಹೇಳಿದ್ರೆ ಚಾಪೆ ನೀನೇ ಹೊತ್ಕೋ ಅಂತಿದ್ದೆ." ಬಂಡೆಯ ಮೇಲೆ ಕೂತಿದ್ದವಳನ್ನು ಕಂಡು ನಿಂತಳು. "ನೀನೇನವ್ವ? ಸತ್ತೇ ಹೋದೆ ಅಂತ ಅತ್ತಿದ್ದೀವಲ್ಲೇ ನಾವು!" ಎಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಡೆದದ್ದು ಇಷ್ಟೇ: ಜ್ಞಾನಾಭರಣಪ್ಪ ಹೊರಡುವ ಗಡಿಬಿಡಿಯಲ್ಲಿ ಒಂದೇ ದಿನ ಸೀಗೆಕುಂಟೆಗೆ ಸುದ್ದಿಯ ಕಾಗದವನ್ನೂ ಕಕ್ಕೆದೊಡ್ಡಿಗೆ ಪರಿಚಯ ಪತ್ರವನ್ನೂ ಬರೆದು ಲಕೋಟೆ ಅದಲು ಬದಲು ಮಾಡಿದ್ದರು. ಊರಿನ ಹೆಸರು ಲಕೋಟೆಯ ಮೇಲಿತ್ತೇ ಹೊರತು ಪತ್ರದಲ್ಲಿ ಇರಲಿಲ್ಲ. ಹಾಗಾಗಿ ಸೀಗೆಕುಂಟೆಯವರು ಆ ಪತ್ರ ತಮಗೇ ಬಂದದ್ದೆಂದು ನಂಬಿದ್ದರು.

ಲೋಯಿಸಜ್ಜಿ ಸೊಂಟದ ಚೀಲದಿಂದ ಪತ್ರ ತೆಗೆದು ಸಮಾಧಾನಪ್ಪನವರಿಗೆ ಕೊಟ್ಟಳು. ಅವರು ಬಾಗಿಲಲ್ಲಿ ನಿಂತು ಓದಿದರು, ದನಿ ಎತ್ತದೆ. ನಮ್ಮ ಸಹೋದರಿ ಯೂನಿಕಮ್ಮ ಇಪ್ಪತ್ತೆರಡು ವರ್ಷ ನಮ್ಮ ರೊಟ್ಟಿಯನ್ನು ಸುಟ್ಟವಳು, ಅವಳ ಕೈಯ ರೊಟ್ಟಿ ಇನ್ನು ನಿಮ್ಮ ಪಾಲಿಗೆ, ಪ್ರೀತಿಯಿಂದ ಸೇರಿಸಿಕೊಳ್ಳಿರಿ. ಅಷ್ಟೇ ಇತ್ತು. ಓದಿ ಮುಗಿಸಿ ಅವರು ಹಾಳೆಯನ್ನು ಮಡಿಸಿದರು.

"ಒಳಗೆ ಬನ್ನಿ ತಂಗಿ" ಎಂದರು.

ಯೂನಿಕಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಹನ್ನೆರಡು ಹೆಜ್ಜೆ ನಡೆದಳು. ಹೊಸ್ತಿಲಲ್ಲಿ ಸಮಾಧಾನಪ್ಪ ಅವಳಿಗೆ ದಾರಿ ಬಿಟ್ಟರು. ಬಿಟ್ಟವರು ತಾವು ಒಳಗೆ ಬರಲಿಲ್ಲ. ಹೊರಗಿಳಿದು ಹೋಗಿ, ಅವಳು ಕೂತಿದ್ದ ಜಾಗದಲ್ಲೇ ಕೂತರು.

"ಏನಣ್ಣ ಇದು? ಪತ್ರ ಸಿಕ್ಕಿತಲ್ಲ" ಎಂದ ಬೋವಜಪ್ಪ.

"ನಿಯಮ ತಪ್ಪಲ್ಲ ಬೋವಜಪ್ಪ. ಆಯಮ್ಮನ ಜೊತೆ ಒಬ್ಬರಾದರೂ ಕೂರಬಹುದಿತ್ತು. ನಾನು ಒಳಗೇ ಇದ್ದೆ. ಒಂಬತ್ತು ಭಾನುವಾರ ಆಯ್ತು. ನನ್ನದೂ ಒಂಬತ್ತು ಆಗಲಿ."

"ಒಂಬತ್ತು ವಾರ ಬರಿಗಲ್ಲ ಮೇಲೆ ಕೂತ್ರೆ ಮೂಲವ್ಯಾಧಿ ಬರ್ತದೆ, ಏಳಪ್ಪ" ಎಂದು ಲೋಯಿಸಜ್ಜಿ ಅವರನ್ನು ಎಬ್ಬಿಸಿ, ಯೂನಿಕಮ್ಮನಿಗೆಂದು ತಂದ ಚಾಪೆಯನ್ನು ಬಂಡೆಯ ಮೇಲೆ ಬಿಡಿಸಿದಳು.

ಒಳಗೆ ತಟ್ಟೆ ಬಂತು. ಯೂನಿಕಮ್ಮ ತನ್ನ ತುಣುಕನ್ನು ಮುರಿದುಕೊಂಡಳು. ಇಷ್ಟು ವಾರ ಕಾದದ್ದು ಬಾಯಲ್ಲಿತ್ತು. ಆದರೆ ಅವಳ ಕಣ್ಣು ಬಾಗಿಲಾಚೆಯ ಬಂಡೆಯ ಮೇಲಿತ್ತು. ಸಭೆ ಮುಗಿದ ಕೂಡಲೇ ಹೊರಗೆ ಬಂದು, ಚಾಪೆಯಲ್ಲಿ ಜಾಗವಿಲ್ಲದ್ದರಿಂದ ಪಕ್ಕದ ಬರಿಗಲ್ಲಿನ ಮೇಲೆ ಕೂತು, ಆ ವಾರದ ಹಾಳೆ ಬಿಚ್ಚಿದಳು. "ಕೇಳ್ತೀರಾ ಅಣ್ಣ?" ಸಮಾಧಾನಪ್ಪ ತಲೆಯಾಡಿಸಿದರು. ಮುಂದಿನ ವಾರ ಅವರು ತಗಡಿನ ಪೆಟ್ಟಿಗೆಯನ್ನೇ ಹೊತ್ತು ತಂದರು. ಹದಿನಾಲ್ಕು ವರ್ಷದ ಕಾಗದಗಳು. ಉಳಿದ ಎಂಟು ಭಾನುವಾರ ಯೂನಿಕಮ್ಮ ಅವನ್ನೆಲ್ಲ ಓದಿದಳು. ಈಗ ಮೀಸೆ ಬಂದವರು ಹುಟ್ಟಿದ ಸುದ್ದಿ, ಈಗ ಇಲ್ಲದವರು ಹೊಸ ಮನೆ ಕಟ್ಟಿದ ಸುದ್ದಿ, ಎಂದೋ ಬತ್ತಿದ ಬಾವಿಯಲ್ಲಿ ನೀರು ಬಿದ್ದ ಸುದ್ದಿ. ಒಬ್ಬ ಹೆಂಗಸು ಹತ್ತು ವರ್ಷದ ಹಿಂದೆ ತನ್ನ ತಾಯಿ ಕಾಗದದ ಕೊನೆಯಲ್ಲಿ ಬರೆಸಿದ್ದ ಒಂದು ಸಾಲಿನ ವಂದನೆಯನ್ನು ಅಂದು ಕೇಳಿದಳು. ತಾಯಿ ತೀರಿ ನಾಲ್ಕು ವರ್ಷವಾಗಿತ್ತು. ಸಮಾಧಾನಪ್ಪ ತಲೆ ತಗ್ಗಿಸಿ ಕೂತಿದ್ದರು.

ಅವರು ಕೂತದ್ದು ಏಳೇ ವಾರ ಎನ್ನುವವರೂ ಇದ್ದಾರೆ. ಕಕ್ಕೆದೊಡ್ಡಿಯವರ ಲೆಕ್ಕ ಒಂಬತ್ತೇ. ಒಂಬತ್ತನೆಯ ವಾರ ಮುಗಿದು ಅವರು ಒಳಗೆ ಬಂದ ದಿನ ತಟ್ಟೆಯಲ್ಲಿದ್ದ ರೊಟ್ಟಿ ಯೂನಿಕಮ್ಮನ ಕೈಯದು, ಎಲ್ಲೂ ಸೀದಿರಲಿಲ್ಲ ಎನ್ನುತ್ತಾರೆ. ಸುದ್ದಿ ಓದುವುದು ಮಾತ್ರ ಬಂಡೆಯ ಬಳಿಯೇ ಉಳಿಯಿತು. ಯಾರೂ ಹೆಸರಿಡಲಿಲ್ಲ, ಸುದ್ದಿಯ ಕಲ್ಲಿನ ಹತ್ತಿರ ಬಾ, ಸುದ್ದಿಗಲ್ಲಿಗೆ ಹೋಗೋಣ ಎನ್ನುತ್ತ ಎನ್ನುತ್ತ ಅದೇ ಹೆಸರಾಯಿತು.

ಇಂದಿಗೂ ಭಾನುವಾರದ ಸಭೆ ಬಿಟ್ಟ ಮೇಲೆ ಆರು ಸಭೆಗಳ ಸುದ್ದಿಯನ್ನು ಅಲ್ಲೇ ಓದುತ್ತಾರೆ. ಫೋನಿನಲ್ಲಿ ಹಿಂದಿನ ದಿನವೇ ಬಂದದ್ದನ್ನೂ ಹಾಳೆಗೆ ಇಳಿಸಿ ಓದುತ್ತಾರೆ. ಗೊತ್ತಿದ್ದವರೂ ನಿಂತು ಕೇಳುತ್ತಾರೆ. ಹಿಂದಿನ ಬೆಂಚು ಈಗ ಸಭಾಮನೆಯಲ್ಲಿಲ್ಲ. ಪತ್ರದ ನಿಯಮ ಇದೆ. ಪತ್ರ ಮರೆತು ಬಂದವರನ್ನು ಹೊಂಗೆಮರದ ನೆರಳಿಗೆ ಕರೆದು ಕೂರಿಸುತ್ತಾರೆ; ಹಿರಿಯರಲ್ಲೊಬ್ಬರು ಅಂದಿನ ತಮ್ಮ ಪಾಲನ್ನು ಬಿಟ್ಟು ಬಂದು ಅವರ ಜೊತೆ ಕೂರುತ್ತಾರೆ. ಒಳಗೆ ಹಾಡು ಏಳುತ್ತದೆ, ಇಬ್ಬರೂ ಹೊರಗಿನಿಂದಲೇ ದನಿಗೂಡಿಸುತ್ತಾರೆ. ಚಾಪೆ ಪ್ರತಿ ವರ್ಷ ಸೀಗೆಕುಂಟೆಯಿಂದ ಬರುತ್ತದೆ. ಲೋಯಿಸಜ್ಜಿ ಮೊದಲು ತಂದದ್ದು ಒಬ್ಬರ ಚಾಪೆ. ಮರುವರ್ಷದಿಂದ ಇಂದಿನವರೆಗೂ ಅಲ್ಲಿಯವರು ಹೆಣೆದು ಕಳಿಸುವುದು ಇಬ್ಬರು ಕೂರುವಷ್ಟು ಅಗಲದ್ದು.