ಎಡವಿದ್ದು ಯಾರು

ಮದುವೆ ಛತ್ರದ ಬಾಗಿಲಲ್ಲಿ ಚಪ್ಪಲಿಗಳ ಕಾವಲಿಗೆ ಬೆಕ್ಕೂ ನಾಯಿಯೂ ಚುನಾವಣೆಗೆ ನಿಂತವು. ಬಲಗಾಲಿನ ಚಪ್ಪಲಿಗಳೆಲ್ಲ ಒಟ್ಟಾಗಿ ನಾಯಿಯ ಕಡೆ ಹೋದವು. ಎಡಗಾಲಿನವುಗಳಲ್ಲಿ ಮಾತ್ರ ವಾದ ಮುಗಿಯಲಿಲ್ಲ.

"ಅಣ್ಣಾ, ಬೆಕ್ಕು ಪರಚುತ್ತದೆ, ನಿಜ. ಆದರೆ ನಾಯಿ ಕಚ್ಚಿಕೊಂಡೇ ಹೋಗುತ್ತದೆ. ಬೆಕ್ಕಿಗೇ ಹಾಕೋಣ," ಎಂದಿತು ಹವಾಯಿ ಚಪ್ಪಲಿ.

"ನೀನು ರಬ್ಬರು ತಮ್ಮಾ, ಬಗ್ಗಿಸಿದತ್ತ ಬಗ್ಗುತ್ತೀಯೆ. ಪರಚುವವರಿಗೆ ನನ್ನ ಓಟಿಲ್ಲ," ಎಂದು ಹಳೆಯ ತೊಗಲಿನ ಚಪ್ಪಲಿ ಓಟೇ ಹಾಕಲಿಲ್ಲ.

ಉಳಿದ ಎಡಗಳೆಲ್ಲ ಬೆಕ್ಕಿಗೇ ಹಾಕಿದರೂ ನಾಯಿ ಒಂದೇ ಓಟಿನಿಂದ ಗೆದ್ದು, ನೇರ ತೊಗಲಿನ ಚಪ್ಪಲಿಯ ಬಳಿಗೆ ಬಂದಿತು.

"ನಾನು ನಿನಗೆ ಓಟು ಹಾಕಿದವನಲ್ಲ," ಎಂದಿತು ತೊಗಲು ಗತ್ತಿನಿಂದ.

"ಗೊತ್ತು ಸ್ವಾಮಿ, ಬೆಕ್ಕಿಗೂ ಹಾಕಲಿಲ್ಲವಲ್ಲ, ದೊಡ್ಡ ಉಪಕಾರವಾಯಿತು," ಎಂದು ನಾಯಿ ತೊಗಲು, ಹವಾಯಿ ಎರಡೂ ಎಡಗಳನ್ನು ಒಟ್ಟುಗೂಡಿಸಿ ಕಚ್ಚಿಕೊಂಡು ಹೊರಟಿತು.

"ಎಡವಿದ್ದು ನೀನು," ಎಂದಿತು ಹವಾಯಿ.

"ಬಗ್ಗಿದ್ದು ನೀನು," ಎಂದಿತು ತೊಗಲು, ನಾಯಿಯ ಹಲ್ಲಿನ ನಡುವೆಯೂ ಬಗ್ಗದೆ.