ಕೆರೆಗಿಂತ ಮೊದಲು ಬಂದ ಕಲ್ಲು

"ಗುರುಗಳೇ, ನಮ್ಮ ದೊರೆ ಬಲ್ಲವರನ್ನು ಕೇಳದೆ ಒಂದು ಆಜ್ಞೆಯನ್ನೂ ಹೊರಡಿಸುವುದಿಲ್ಲ. ಇದು ಅರಿವಿನ ಆಡಳಿತವಲ್ಲವೇ?"

ಕೇಳಿದವನು ಚೆನ್ನಮಲ್ಲ, ಗುರುಗಳ ಬಳಿ ವೈದ್ಯ ಕಲಿತು ಅರಮನೆ ಸೇರಿದ ಶಿಷ್ಯ. ಊರಿಗೆ ಜ್ವರ ಹಬ್ಬಿದಾಗ ದೊರೆ ಅವನನ್ನು ಕರೆಸಿ ಕಾರಣ ಕೇಳಿದ್ದ. ಅವನು ಮನೆಮನೆ ಅಲೆದು ವಿಚಾರಿಸಿ, ಪೇಟೆಯ ಬಾವಿಯ ನೀರೇ ಕಾರಣವೆಂದು ಹೇಳಿದ್ದ. ತಿಂಗಳ ಹಿಂದೆ ತುಂಬಿದ ಸಭೆಯಲ್ಲಿ ದೊರೆ ಶಾಲು ಹೊದಿಸಿದ್ದ. ಅದು ಈಗಲೂ ಹೆಗಲ ಮೇಲಿತ್ತು. ಗುರುಗಳು ಶಾಲನ್ನೊಮ್ಮೆ ನೋಡಿ ಕತೆ ತೆಗೆದರು.

ಒಬ್ಬ ಪಾಳೆಯಗಾರನಿಗೆ ಕೆರೆ ಕಟ್ಟಿಸುವ ಮನಸ್ಸಾಯಿತು. ಲಗ್ನ ಮುಗಿಸಿಕೊಂಡು ಜಾತಕ ನೋಡಿಸುವ ಪೈಕಿ ಆಸಾಮಿ. ಮಣ್ಣಿನ ಗುಣ ಬಲ್ಲ ಒಬ್ಬ ಹೆಂಗಸನ್ನು ಕರೆಸಿ ಜಾಗ ಆರಿಸಲು ಹೇಳಿದ. ಅವಳು ಅರಮನೆಯ ಮುಂದೆ ಒಂದು, ಗುಡ್ಡದಾಚೆ ಒಂದು ಮೊಣಕಾಲುದ್ದದ ಗುಂಡಿ ತೋಡಿದಳು. ಸಂಜೆ ಎರಡಕ್ಕೂ ನೀರು ತುಂಬಿ ಬೆಳಿಗ್ಗೆ ನೋಡಿದಳು. ಗುಡ್ಡದಾಚೆಯ ಗುಂಡಿಯಲ್ಲಿ ನೀರು ನಿಂತಿತ್ತು, ಅರಮನೆಯ ಮುಂದಿನದು ಬರಿದಾಗಿತ್ತು. ಕಂಡದ್ದನ್ನು ಕಂಡಂತೆ ಹೇಳಿದಳು.

ಪಾಳೆಯಗಾರ ಅವಳನ್ನು ಹೊಗಳಿದ, ಸೀರೆ ಉಡುಗೊರೆ ಕೊಟ್ಟ. ಆಮೇಲೆ ಆಳುಗಳಿಂದ ಅರಮನೆಯ ಮುಂದಿನ ಗುಂಡಿಗೆ ಮೂರು ದಿನ ಬಿಡದೆ ನೀರು ಹೊಯ್ಯಿಸಿದ. ನೆನೆದು ನೆನೆದು ಸಾಕಾದ ನೆಲದಲ್ಲಿ ನಾಲ್ಕನೆಯ ದಿನ ನೀರು ನಿಂತಿತು. ಅದೇ ಅವಳು ಮಾಡಿದ ಪರೀಕ್ಷೆ ಎಂದು ಊರಿಗೆಲ್ಲ ಡಂಗುರ ಹೊಡೆಸಿದ.

ಅರಮನೆಯ ಮುಂದೆ ಏರಿಗೆ ಬೇಕಾದ ಕಲ್ಲಿನ ರಾಶಿ ಬಿದ್ದಿತ್ತು. ಕಲ್ಲಿನ ಸಂದಿಯಲ್ಲಿ ಗೇಣುದ್ದ ಹುಲ್ಲು ಬೆಳೆದಿತ್ತು. ಅವಳು ಅದನ್ನು ತೋರಿಸಿ ಕೇಳಿದಳು: "ಒಡೆಯಾ, ಕಲ್ಲು ಬಂದು ತಿಂಗಳುಗಳೇ ಆಗಿವೆ. ಮತ್ತೆ ನನ್ನನ್ನು ಕರೆಸಿದ್ದು ಯಾಕೆ?"

"ನಾಳೆ ಯಾರಾದರೂ ಕೇಳಿದರೆ ಹೇಳುವುದಕ್ಕೆ ಒಂದು ಹೆಸರು ಬೇಕಲ್ಲ ತಾಯಿ," ಎಂದು ಅವನು ನಕ್ಕ.

ಅವಳು ಸೀರೆಯನ್ನು ಅಲ್ಲೇ ಇಟ್ಟು ಹೋದಳು. ಹೆಸರನ್ನು ಮಾತ್ರ ಬಿಡಿಸಿಕೊಂಡು ಹೋಗಲಾಗಲಿಲ್ಲ. ಇಂಥವಳು ಮಣ್ಣು ನೋಡಿ ಆರಿಸಿದ ಜಾಗವೆಂದು ಏರಿಯ ಮೇಲೆ ಕಲ್ಲು ಕೆತ್ತಿಸಿದರು. ಮಳೆಗೆ ತುಂಬಿದ ಕೆರೆ ಶಿವರಾತ್ರಿಗೆ ಬತ್ತಿತು. ಹರದಾರಿ ದೂರದಿಂದ ನೀರು ಹೊರುವ ಹೆಂಗಸರು ಪಾಳೆಯಗಾರನಿಗೆ ಒಂದು ಮಾತೂ ಅನ್ನಲಿಲ್ಲ, ಕಲ್ಲಿನ ಮೇಲೆ ಹೆಸರಿದ್ದವಳಿಗೆ ಹಿಡಿಶಾಪ ಹಾಕಿದರು. ಸತ್ಯ ಹೇಳಿದವಳು ಆ ಊರಿನ ದಾರಿಯನ್ನೇ ಬಿಡಬೇಕಾಯಿತು.

ಕತೆ ಮುಗಿಯಿತು. ಚೆನ್ನಮಲ್ಲ ಶಾಲನ್ನು ಸರಿಪಡಿಸಿಕೊಂಡು, ಆ ಪಾಳೆಯಗಾರ ಕಪಟಿ, ನಮ್ಮ ದೊರೆ ಹಾಗಲ್ಲ, ನನ್ನ ಮಾತನ್ನು ಕೊನೆಯವರೆಗೂ ಕೇಳಿದರು ಎಂದ.

ಗುರುಗಳು ಹೇಳಿದರು: "ಬೆಳಿಗ್ಗೆ ಪೇಟೆಯ ಮೇಲೆ ಬಂದೆ ಮಗೂ, ಆ ಬಾವಿಯ ಹಗ್ಗ ಇನ್ನೂ ಒಣಗಿಲ್ಲ."